ಮುಂದಕ್ಕೆ ಮುಖ ಮಾಡಿ ನೋಡುವ

ಉಡುಪಿ ಕಡೆಯವರಾದ ನಮಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಶಬ್ದ ಗೊತ್ತಿಲ್ಲವೆಂದಲ್ಲ, ಮಕ್ಕಳ ಹತ್ತಿರ, ರಸ್ತೆಯಲ್ಲಿ ಕರೆದು ಕೇಳುವ ರಿಕ್ಷಾದವರ ಹತ್ತಿರ ಬೇಕಾದಷ್ಟು ಸಲ ಹೇಳುತ್ತೇವೆ. ಆದರೆ ಮರ್ಯಾದಸ್ಥರೊಬ್ಬರು ಎದುರಿಗೆ ಕುಳಿತು ಏನಾದರೂ ಕೇಳಿದರೆ ಆ ಎರಡಕ್ಷರ ಗಂಟಲಲ್ಲೇ ನಿಂತುಬಿಡುತ್ತದೆ. ಆಗ ನಾವು ‘ನೋಡುವ’ ಎನ್ನುತ್ತೇವೆ. ಮನೆಯೊಳಗೆ ತುಳುವಿನಲ್ಲಾದರೆ ‘ತೂಕ’. ಘಟ್ಟದ ಮೇಲಿನವರು ಇದನ್ನು ಕೇಳಿ ತಕ್ಕಡಿ ಹುಡುಕಬಾರದು. ತೂಕ ಎಂದರೆ ನೋಡೋಣ ಎಂದಷ್ಟೇ. ಮಗಳ ಸಂಬಂಧದ ವಿಷಯ, ಸಂಘದ ಅಧ್ಯಕ್ಷಗಿರಿ, ಪಕ್ಕದ ಮನೆಯವರಿಗೆ ಕಾರು ಕೊಡುವುದು, ಯಾವುದನ್ನೇ ತನ್ನಿ, ‘ನೋಡುವ’ ಎಂದಲ್ಲಿಗೆ ಮಾತು ಮುಗಿಯಿತು. ಕೇಳಿದವರು ಬೇಸರವಿಲ್ಲದೆ ಚಾ ಕುಡಿದು ಎದ್ದು ಹೋಗುತ್ತಾರೆ. ಆಮೇಲೆ ಯಾರೂ ಏನೂ ನೋಡುವುದಿಲ್ಲ. ಈ ವಿದ್ಯೆಯನ್ನು ಎದೆಹಾಲಿನ ಜೊತೆಗೇ ಕುಡಿದು ಬೆಳೆದ ನಾನೇ ಅದರ ಕೈಗೆ ಸಿಕ್ಕಿ, ಜಪಾನಿನ ಕೆಲಸ ಕಳೆದುಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಕಾಪುವಿನ ಅಮ್ಮನ ಮನೆಯ ಒಂದು ಕೋಣೆಯಲ್ಲಿ ಬಂದು ಕುಳಿತಿದ್ದೇನೆ. ಕುಳಿತಿದ್ದೇನೆ ಎಂದದ್ದು ಬರೆಯುವ ಅನುಕೂಲಕ್ಕೆ. ನಿಜಕ್ಕೂ ಕೂರಲಾಗದೆ ಅತ್ತಿತ್ತ ತಿರುಗುತ್ತಿದ್ದೇನೆ.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ನಾನು ಜಪಾನಿನ ಒಂದು ಸಣ್ಣ ಊರಿನಲ್ಲಿ, ನೀರಿನ ಪಂಪು ಮಾಡುವ ಕಂಪೆನಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಹೆಂಡತಿ ಸುಮನಾ ಕಾರ್ಕಳದವಳು. ಮಗಳು ಧನ್ಯಾ ಅಲ್ಲಿಯ ಶಾಲೆಗೆ ಸೇರಿ, ನಮ್ಮಿಬ್ಬರಿಗೂ ಹಿಡಿಯಲಾಗದ ವೇಗದಲ್ಲಿ ಜಪಾನೀ ಮಾತಾಡಲು ಕಲಿತಳು. ನಾನು ಕಲಿತದ್ದು ಮುಖ್ಯವಾಗಿ ಚಪ್ಪಲಿ ಶಾಸ್ತ್ರ. ಬಾಗಿಲಲ್ಲಿ ಬೂಟು ಬಿಡಬೇಕು, ಒಳಗೆ ಬೇರೆ ಚಪ್ಪಲಿ, ಟಾಯ್ಲೆಟ್ಟಿಗೆ ಮತ್ತೊಂದು. ಅಜ್ಜಿಯ ಮಡಿ ಮೈಲಿಗೆಯ ನಡುವೆ ಬೆಳೆದವನಿಗೆ ಇದೆಂಥ ದೊಡ್ಡ ವಿಷಯ ಎಂದುಕೊಂಡಿದ್ದೆ. ಮೊದಲ ವಾರವೇ ಟಾಯ್ಲೆಟ್ಟಿನ ಚಪ್ಪಲಿಯಲ್ಲಿ ಮೀಟಿಂಗಿಗೆ ಹೋಗಿ ಕುಳಿತೆ. ಯಾರೂ ಏನೂ ಹೇಳಲಿಲ್ಲ. ಎಲ್ಲರೂ ಮೇಜಿನ ಮೇಲಿದ್ದ ನಕ್ಷೆಯನ್ನು ಮಾತ್ರ ಬಹಳ ಶ್ರದ್ಧೆಯಿಂದ ನೋಡಿದರು. ಆ ಊರಿನವರ ಸೌಜನ್ಯ ಎಷ್ಟು ಆಳ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಕೆಲಸವೂ ಊರೂ ಹಿಡಿಸಿದ್ದವು. ಆದರೆ ಒಂದು ದಿನವೂ ನಾನು ಅಲ್ಲಿ ಕಾಲೂರಿ ನಿಂತವನಲ್ಲ. ಕಿಟಕಿಗೆ ಒಂದು ಪರದೆ ಹಾಕುವ ಎಂದು ಸುಮನಾ ಹೇಳಿದರೆ, “ಹೇಗೂ ಊರಿಗೆ ಹೋಗುವವರಲ್ವಾ, ಸುಮ್ಮನೆ ಯಾಕೆ” ಎನ್ನುತ್ತಿದ್ದೆ. ರಜೆಯಲ್ಲಿ ಕಾಪುವಿಗೆ ಬಂದಾಗ ಅಮ್ಮ ನಮ್ಮ ಕೋಣೆಗೆ ಫ್ಯಾನು ಹಾಕಿಸುವ ಎಂದರೆ, “ಹೇಗೂ ಜಪಾನಿಗೆ ಹೋಗುವವರಲ್ವಾ” ಎನ್ನುತ್ತಿದ್ದೆ. ಹೀಗಾಗಿ ಅಲ್ಲಿ ನಮ್ಮ ಕಿಟಕಿಗೆ ಹಳೆಯ ಬೆಡ್‌ಶೀಟು, ಇಲ್ಲಿ ಕೋಣೆಯಲ್ಲಿ ಬೀಸಣಿಗೆ. ಅಲ್ಲಿ ಚೆರಿ ಹೂವು ನೋಡಲು ಹೋದಾಗ ಕಾಪುವಿನ ಮೀನು ಸಾರಿನ ನೆನಪು, ಇಲ್ಲಿ ಮೀನು ಸಾರು ಉಣ್ಣುವಾಗ ಅಲ್ಲಿಯ ರೈಲಿನ ನೆನಪು. “ನಿಮಗೆ ಹೊಟ್ಟೆ ಒಂದು ಕಡೆ, ತಲೆ ಒಂದು ಕಡೆ” ಎಂದು ಸುಮನಾ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ವಿಭಾಗದ ಮುಖ್ಯಸ್ಥ ಮತ್ಸುದಾ ಸಾನ್ ನನ್ನನ್ನು ಕರೆದರು. ಹೆಸರಿನ ಜೊತೆ ಬರುವ ಈ ಸಾನ್ ನಮ್ಮ ‘ಅವರು’ ಇದ್ದ ಹಾಗೆ, ಮರ್ಯಾದೆಗೆ. ಮಾರ್ಚಿಗೆ ನನ್ನ ಕರಾರು ಮುಗಿಯುವುದಿತ್ತು. ಹೊಸ ವಿಭಾಗವೊಂದು ಶುರುವಾಗುತ್ತದೆ, ಅದನ್ನು ನೋಡಿಕೊಂಡು ಇನ್ನಷ್ಟು ವರ್ಷ ಇಲ್ಲಿಯೇ ಇರಲು ಸಾಧ್ಯವೇ ಎಂದು ಬಹಳ ಸಂಕೋಚದಿಂದ ಕೇಳಿದರು. ಸಂತೋಷಕ್ಕೆ ನನ್ನ ಕಿವಿ ಬಿಸಿಯಾಯಿತು. ಆದರೆ ಒಮ್ಮೆಗೇ ಹೌದು ಎಂದರೆ ಹಸಿದವನ ಹಾಗೆ ಕಾಣುತ್ತದೆ. ಮದುವೆ ಊಟದಲ್ಲಿ ಹೋಳಿಗೆ ಬಂದಾಗಲೂ ನಾವು ಒಮ್ಮೆ ಎಲೆಗೆ ಕೈ ಅಡ್ಡ ಹಿಡಿದ ಮೇಲೆಯೇ ಹಾಕಿಸಿಕೊಳ್ಳುವುದು. ಸುಮನಾಳನ್ನೂ ಒಂದು ಮಾತು ಕೇಳಬೇಕಿತ್ತು. ಹಾಗಾಗಿ ನಾನು ಕಲಿತ ಅತ್ಯುತ್ತಮ ಜಪಾನಿಯಲ್ಲಿ, “ಕಾಂಗಾಯೆತೆ ಓಕಿಮಾಸ್” ಎಂದೆ. ಯೋಚಿಸಿ ಇಟ್ಟಿರುತ್ತೇನೆ ಎಂದರ್ಥ. ಮತ್ಸುದಾ ಸಾನ್ ತಲೆ ಬಾಗಿಸಿ, ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ ಎಂದರು. ಎಂಥ ವಿನಯ ನೋಡು ಎಂದು ನಾನು ಮನೆಗೆ ಬಂದು ಸುಮನಾಳಿಗೆ ಹೇಳಿದೆ. ಆ ದೇಶದಲ್ಲಿ ‘ಯೋಚಿಸಿ ಇಟ್ಟಿರುತ್ತೇನೆ’ ಎಂಬುದು ನಮ್ಮ ಶುದ್ಧ ಉಡುಪಿಯ ‘ನೋಡುವ’ ಎಂದು ನನಗೆ ಗೊತ್ತಿರಲಿಲ್ಲ. ಮತ್ಸುದಾ ಸಾನ್ ಎರಡನೆಯ ಸಲ ಕೇಳಲಿ, ಆಗ ಹೌದು ಎನ್ನುವ ಎಂದು ಕಾದೆ. ಹೋಳಿಗೆ ಬಡಿಸುವವನಾದರೆ ಎರಡನೆಯ ಸಲ ಬರುತ್ತಿದ್ದ. ಇವರು ಬರಲಿಲ್ಲ.

ಮಾರ್ಚ್ ಕೊನೆಗೆ ವಿಭಾಗದವರೆಲ್ಲ ಸೇರಿ ನನಗೊಂದು ‘ಸೋಬೆತ್ಸುಕಾಯ್’ ಏರ್ಪಡಿಸಿದರು. ಕಾಯ್ ಎಂದರೆ ಕೂಟ ಎಂದು ಗೊತ್ತಿತ್ತು. ಸೋಬೆತ್ಸು ಎಂದರೆ ಬೀಳ್ಕೊಡುಗೆ ಎಂದು ಗೊತ್ತಿರಲಿಲ್ಲ. ಬಡ್ತಿಯೋ ಅಭಿನಂದನೆಯೋ ಇರಬೇಕು ಎಂದುಕೊಂಡೆ. ಹೂಗುಚ್ಛ ಕೊಟ್ಟರು, ಮಿಠಾಯಿ ಡಬ್ಬ ಕೊಟ್ಟರು. ನನ್ನ ಪಕ್ಕದ ಮೇಜಿನ ಹೆಂಗಸು ಕಣ್ಣೊರೆಸಿಕೊಂಡರು. ನನ್ನ ಏಳಿಗೆ ಕಂಡು ಅಳುವಷ್ಟು ಸಂತೋಷಪಡುವವರು ಕಾಪುವಿನಲ್ಲಿಯೂ ಇಲ್ಲವಲ್ಲ ಎಂದುಕೊಂಡೆ. ಎದ್ದು ನಿಂತು, ಸೋಮವಾರದಿಂದ ಇನ್ನೂ ಹೆಚ್ಚು ಶ್ರಮಿಸುತ್ತೇನೆ, ನಿಮ್ಮ ಪ್ರೀತಿ ಹೀಗೆಯೇ ಇರಲಿ ಎಂದು ಭಾಷಣ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಊರಿಗೆ ಹೋಗಿ ಕೂಡ ಶ್ರಮಿಸುತ್ತಾನಂತೆ, ಒಳ್ಳೆಯ ಮನುಷ್ಯ ಎಂದುಕೊಂಡಿರಬೇಕು.

ಸೋಮವಾರ ಬೆಳಿಗ್ಗೆ ಕಚೇರಿಗೆ ಹೋದರೆ ನನ್ನ ಕುರ್ಚಿಯಲ್ಲಿ ಹೊಸ ಮನುಷ್ಯ ಕುಳಿತಿದ್ದ. ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ. ನನ್ನನ್ನು ಅತಿಥಿಗಳ ಕೋಣೆಯಲ್ಲಿ ಕೂರಿಸಿ, ಅತಿಥಿಗಳಿಗೆಂದೇ ಇಟ್ಟ ಮುಚ್ಚಳದ ಬಟ್ಟಲಲ್ಲಿ ಹಸಿರು ಚಹಾ ತಂದುಕೊಟ್ಟರು. ಆ ಮುಚ್ಚಳ ನೋಡಿದ ಕೂಡಲೇ ನನಗೆ ಎಲ್ಲವೂ ಅರ್ಥವಾಯಿತು. ಭಯವಾಯಿತು, ನಾಚಿಕೆಯೂ ಆಯಿತು. ಮತ್ಸುದಾ ಸಾನ್ ಬಂದು ಎದುರು ಕುಳಿತರು. ಆಗ ಹೇಳಬಹುದಿತ್ತು, ನಾನು ಬೇಡ ಎಂದದ್ದಲ್ಲ ಎಂದು. ಹೇಳಿದರೆ ಅವರಿಗೆಷ್ಟು ಮುಜುಗರ, ಆ ಹೊಸಬನಿಗೆಷ್ಟು ಮುಜುಗರ ಎಂದು ಯೋಚಿಸುತ್ತ ಯೋಚಿಸುತ್ತ ನನ್ನ ಬಾಯಿಂದ, “ಕೊಡೆ ಮರೆತು ಹೋಗಿದ್ದೆ” ಎಂದು ಬಂತು. ನಾನು ಕೊಡೆ ತಂದೇ ಇರಲಿಲ್ಲ. ಇಡೀ ವಿಭಾಗ ಎದ್ದು ಇಲ್ಲದ ಕೊಡೆಯನ್ನು ಹುಡುಕಿತು. ಕೊನೆಗೆ ಯಾರದೋ ಪಾರದರ್ಶಕ ಪ್ಲಾಸ್ಟಿಕ್ ಕೊಡೆಯೊಂದನ್ನು ಎರಡು ಕೈಯಲ್ಲಿ ಹಿಡಿದು ತಂದು, ಇದೇ ಅಲ್ಲವೇ ಎಂದರು. ಹೌದು, ಇದೇ ಎಂದೆ. ಅಷ್ಟು ವರ್ಷಗಳಲ್ಲಿ ಆ ಕಂಪೆನಿಯಲ್ಲಿ ನಾನು ಸ್ಪಷ್ಟವಾಗಿ ಹೌದು ಎಂದದ್ದು ಆ ಕೊಡೆಗೆ ಮಾತ್ರ.

ಹೊರಡುವ ಮೊದಲು ಕಾರ್ಕಳಕ್ಕೆ ಫೋನ್ ಮಾಡಿದೆ. ಸುಮನಾಳ ಅಣ್ಣ ಸುಧಾಕರ ಭಾವ ಅಲ್ಲಿ ಗ್ರಾನೈಟ್ ವ್ಯಾಪಾರ ಮಾಡಿಕೊಂಡಿದ್ದಾರೆ. “ನಿಮ್ಮ ಮೇಲಿನ ಮನೆ ಖಾಲಿ ಉಂಟಲ್ವಾ ಭಾವ, ಮಣಿಪಾಲದಲ್ಲಿ ನನಗೊಂದು ಕೆಲಸ ಆಗುವವರೆಗೆ ನಾವು ಇರಬಹುದಾ” ಎಂದೆ. “ಅದಕ್ಕೆಂತ ಭಾವ, ನೋಡುವ. ನೀವು ಮೊದಲು ಬನ್ನಿ” ಎಂದರು. ಪಕ್ಕದಲ್ಲಿದ್ದ ಸುಮನಾ, “ಅಣ್ಣ ಇಲ್ಲ ಅಂತ ಹೇಳಿದ್ದು ಮಾರಾಯ್ರೆ” ಎಂದಳು. ಬನ್ನಿ ಎಂದದ್ದು ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ನಾನು ವಾದಿಸಿದೆ. ಪರದೇಶದಲ್ಲಿದ್ದು ಕಿವಿಗೆ ತುಕ್ಕು ಹಿಡಿದಿತ್ತು. ಮಂಗಳೂರು ವಿಮಾನ ನಿಲ್ದಾಣದಿಂದ ಪೆಟ್ಟಿಗೆಗಳ ಸಮೇತ ಟ್ಯಾಕ್ಸಿಯಲ್ಲಿ ನೇರ ಕಾರ್ಕಳಕ್ಕೇ ಹೋದೆವು. ಭಾವ ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಅಂಜಲ್ ಮೀನಿನ ಫ್ರೈ, ಕೋರಿ ರೊಟ್ಟಿ, ಆಮೇಲೆ ಪಾಯಸ. ಮನೆಯ ಮಾತು ಯಾರೂ ಎತ್ತಲಿಲ್ಲ. ಊಟವಾದ ಮೇಲೆ ನಾನೇ ಮೇಲೆ ಹೋಗಿ ನೋಡಿದರೆ ಕೋಣೆಗಳ ತುಂಬ ಗ್ರಾನೈಟ್ ತುಂಡುಗಳು, ಕಪ್ಪು, ಕೆಂಪು, ಬೂದು, ಕಾಲಿಡಲು ಜಾಗವಿಲ್ಲ. ಹಿಂದೆಯೇ ಬಂದ ಭಾವ, “ಇದನ್ನು ಸ್ವಲ್ಪ ಆಚೆ ಈಚೆ ಮಾಡಿದರೆ ಆಗ್ತದೆ, ನೋಡುವ” ಎಂದರು. ಕೆಳಗೆ ಇಳಿದು ಬಂದರೆ ನಮ್ಮ ಟ್ಯಾಕ್ಸಿ ಹಾಗೆಯೇ ನಿಂತಿತ್ತು. ಭಾವ ಡ್ರೈವರಿಗೂ ಊಟ ಹಾಕಿಸಿ, ಪೆಟ್ಟಿಗೆ ಇಳಿಸಲು ಬಿಡದೆ, ನಿಲ್ಲಿಸಿಕೊಂಡಿದ್ದರು. ಅದೇ ಟ್ಯಾಕ್ಸಿಯಲ್ಲಿ ಕಾಪುವಿಗೆ ಹೊರಟೆವು.

ಹೀಗೆ ನಾನು ಅಲ್ಲಿ ಆಡಬಾರದ ಕಡೆ ಉಡುಪಿಯವನಾಗಿ, ಇಲ್ಲಿ ಕೇಳಬಾರದ ಕಡೆ ಜಪಾನಿನವನಾಗಿ, ಮೇ ತಿಂಗಳ ಸೆಕೆಯಲ್ಲಿ ಫ್ಯಾನಿಲ್ಲದ ಕೋಣೆಗೆ ಬಂದು ಬಿದ್ದೆ. ಕಟಪಾಡಿಯಲ್ಲಿ ಬಸ್ಸಿಗೆ ಕ್ಯೂ ನಿಂತೆ. ಆ ಕ್ಯೂನಲ್ಲಿ ಇದ್ದದ್ದು ನಾನೊಬ್ಬನೇ, ಉಳಿದವರೆಲ್ಲ ಬಸ್ಸಿನೊಳಗಿದ್ದರು. ಮೀನು ತೆಗೆದುಕೊಂಡು ಮೀನಿನ ಅಕ್ಕನಿಗೆ ಬಗ್ಗಿ ವಂದಿಸಿದೆ. “ಎಂತ ಅಣ್ಣ, ಸೊಂಟ ನೋವುಂಟಾ” ಎಂದು ಕೇಳಿದಳು. ಅಮ್ಮ ಒಂದೇ ಬಕೆಟ್ಟಿಗೆ ಹಾಕಿದ ಕಸವನ್ನು ನಾನು ಕೂತು ಬೇರೆ ಬೇರೆ ಮಾಡಿದೆ. ಮಗನಿಗೆ ಏನೋ ಆಗಿದೆ ಎಂದು ಅವರು ಪಕ್ಕದ ಮನೆಯಲ್ಲಿ ಹೇಳಿದರಂತೆ. ಮಣಿಪಾಲದಲ್ಲಿ ಒಂದು ಕಡೆ ಸಂದರ್ಶನಕ್ಕೆ ಹೋದೆ. “ನಿಮ್ಮಂಥವರು ಬೇಕು ಸಾರ್, ನೋಡುವ” ಎಂದರು. ಹಿಂದೆ ಬರುವಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಯಬೇಕೆನಿಸಿತು, ಯಾರನ್ನು ಬೈಯುವುದೆಂದು ತಿಳಿಯಲಿಲ್ಲ. ಸಂಜೆ ದೀಪಸ್ತಂಭದ ಕಡೆ ನಡೆಯಲು ಹೋಗುತ್ತೇನೆ, ಅರ್ಧ ದಾರಿಯಲ್ಲಿ ಮನೆಯಲ್ಲಿ ಏನೋ ಕೆಲಸವಿತ್ತು ಎನಿಸಿ ತಿರುಗುತ್ತೇನೆ, ಮನೆಗೆ ಬಂದರೆ ಏನೂ ಇರುವುದಿಲ್ಲ.

ಶಾಲೆ ಶುರುವಾಗುವ ಸಮಯ ಬಂತು. ಒಂದು ಮಧ್ಯಾಹ್ನ ಸುಮನಾ ಒಣಗಿದ ಬಟ್ಟೆ ತಂದು, ಮಡಚಿ, ಮತ್ತೆ ಅದೇ ಪೆಟ್ಟಿಗೆಗೆ ಹಾಕುತ್ತ ಹೇಳಿದಳು. “ಧನ್ಯಾಳನ್ನು ಇಲ್ಲಿ ಸೇರಿಸುವುದಾ, ಬೇಡವಾ? ನನಗೆ ಹೌದು ಅಥವಾ ಇಲ್ಲ ಅಂತ ಒಂದು ಮಾತು ಬೇಕು. ಮೂರನೆಯದ್ದು ಹೇಳಬೇಡಿ. ನನಗೆ ಪೆಟ್ಟಿಗೆಯೊಳಗೆ ಸಂಸಾರ ಮಾಡಿ ಸಾಕಾಗಿದೆ.” ಅವಳು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಜೋರು ಮಾಡಬಹುದಿತ್ತು. ಅಲ್ಲಿಯೂ ಇಲ್ಲಿಯೂ ಇವಳಿಗೆ ಬಟ್ಟೆ ಇಡಲು ಒಂದು ಕಪಾಟಿನಷ್ಟು ನೆಮ್ಮದಿಯನ್ನೂ ನಾನು ಕೊಟ್ಟಿಲ್ಲವಲ್ಲ ಎಂದು ಸಂಕಟವಾಯಿತು. ಹೊರಗೆ ಜಗಲಿಗೆ ಬಂದು ಕುಳಿತೆ. ಧನ್ಯಾ ಹಿಂದೆಯೇ ಬಂದಳು.

“ಅಪ್ಪ, ನಾವು ಇನ್ನು ಇಲ್ಲಿಯೇ ಇರುವುದಾ?”

“ನೋಡುವ ಮಗಾ.”

ಅವಳು ಒಳಗೆ ತಿರುಗಿ, “ಅಮ್ಮಾ, ಇರುವುದಿಲ್ಲವಂತೆ” ಎಂದು ಕೂಗಿ ಹೇಳಿದಳು.

ನಾನು ಇಷ್ಟು ಸ್ಪಷ್ಟವಾಗಿ ಮಾತಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಎರಡೂ ಊರುಗಳಲ್ಲಿ ಬೆಳೆದ ಈ ಹುಡುಗಿಗೆ ಎರಡೂ ಊರುಗಳ ‘ಇಲ್ಲ’ ಗೊತ್ತು. ನಾನು ಆ ಗಳಿಗೆಯಲ್ಲಿ ಫೋನು ತೆಗೆದು ಜಪಾನಿಗೆ ಹಚ್ಚಿದೆ, ಇನ್ನೊಂದು ನಿಮಿಷ ಬಿಟ್ಟರೆ ಮನಸ್ಸು ಬದಲಾಗುತ್ತದೆಂದು ಗೊತ್ತಿತ್ತು. ಮತ್ಸುದಾ ಸಾನ್ ಸಿಕ್ಕಿದರು. ಜಗಲಿಯಲ್ಲಿ ಎದ್ದು ನಿಂತು, ತೆಂಗಿನ ಮರಕ್ಕೆ ಬಗ್ಗಿ ವಂದಿಸಿ, ಹುಟ್ಟಿದಂದಿನಿಂದ ಯಾರಿಗೂ ಹೇಳದಷ್ಟು ನೇರವಾಗಿ ಹೇಳಿದೆ. ಆ ದಿನ ನಾನು ಹೇಳಿದ್ದು ಬೇಡ ಎಂದಲ್ಲ, ಬೇಕು ಎಂದು. ನನಗೆ ಹಿಂದೆ ಬರಬೇಕು. ಆ ಕಡೆ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ ಸದ್ದು. ಆಮೇಲೆ ಮತ್ಸುದಾ ಸಾನ್ ಬಹಳ ಮೃದುವಾಗಿ, “ಮಾಯೆಮುಕಿ ನಿ ಕೆಂತೋ ಶಿಮಾಸ್” ಎಂದು, ಮನೆಯವರ ಆರೋಗ್ಯ ವಿಚಾರಿಸಿ, ಫೋನ್ ಇಟ್ಟರು. ಆ ಮಾತಿನ ಮೊದಲಿಗೇ ಮಾಯೆ ಉಂಟು ಎಂಬುದು ನನಗೆ ಆಮೇಲೆ ಹೊಳೆಯಿತು.

“ಎಂತ ಹೇಳಿದ್ರು?” ಸುಮನಾ ಬಾಗಿಲಲ್ಲಿ ನಿಂತಿದ್ದಳು.

“ಮುಂದಕ್ಕೆ ಮುಖ ಮಾಡಿ ಪರಿಶೀಲಿಸ್ತಾರಂತೆ.”

“ಅಂದ್ರೆ?”

ನೆಲದಲ್ಲಿ ಕುಳಿತು ಚಿತ್ರ ಬಿಡಿಸುತ್ತಿದ್ದ ಧನ್ಯಾ ತಲೆ ಎತ್ತದೆ, “ನೋಡುವ ಅಂತ” ಎಂದಳು.

ಸುಮನಾ ಒಳಗೆ ಹೋದಳು. ಪೆಟ್ಟಿಗೆಯ ಬಟ್ಟೆಗಳು ಒಂದೊಂದಾಗಿ ಅಮ್ಮನ ಕಪಾಟಿಗೆ ಹೋಗುವ ಸದ್ದು ಕೇಳಿಸಿತು. ಮರುದಿನ ಫ್ಯಾನು ಬಂತು. ಧನ್ಯಾ ಶಾಲೆಗೆ ಸೇರಿದಳು. ಮೊದಲ ಮಳೆಗೆ ಆ ಪಾರದರ್ಶಕ ಕೊಡೆಯನ್ನೇ ಹಿಡಿದುಕೊಂಡು ಹೋದಳು. ಸುಮನಾ ಈಗ ಅಡುಗೆ ಮಾಡುವಾಗ ಗುನುಗುತ್ತಾಳೆ, ಅದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದು ನೆನೆದರೆ ನನಗೆ ಬೇಸರವಾಗುತ್ತದೆ. ನನ್ನನ್ನು ಕೇಳದೆಯೇ ಅವಳು ನಮ್ಮ ಕೋಣೆಯ ಕಿಟಕಿಗೆ ಪರದೆಯನ್ನೂ ಹೊಲಿಸಿ ಹಾಕಿದ್ದಾಳೆ, ನೀಲಿ ಬಣ್ಣದ್ದು, ಚೆನ್ನಾಗಿದೆ. ಅದನ್ನು ದಿನಕ್ಕೆ ಹತ್ತು ಸಲ ಸರಿಸಿ ಯಾಕೆ ನಿಲ್ಲುತ್ತೀರಿ ಎಂದು ಕೇಳುತ್ತಾಳೆ. ಗಾಳಿಗೆ ಎನ್ನುತ್ತೇನೆ. ಮತ್ಸುದಾ ಸಾನ್ ಬರಿಯ ‘ನೋಡುವ’ ಎಂದಿಲ್ಲವಲ್ಲ, ಮುಂದಕ್ಕೆ ಮುಖ ಮಾಡಿ ಎಂದಿದ್ದಾರಲ್ಲ, ಅಷ್ಟು ದೊಡ್ಡ ಮನುಷ್ಯರು ಸುಮ್ಮನೆ ಹಾಗೆ ಹೇಳುತ್ತಾರೆಯೇ. ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವುದು ಆ ಕಿಟಕಿಯ ಹತ್ತಿರ ಮಾತ್ರ.