ದಪ್ಪ ಪುಸ್ತಕ, ಹಳೇ ಸ್ಕೂಟರ್

ರಾಮಪ್ರಸಾದರ ಸ್ಕೂಟರ್ ಯುಗಾದಿಯಿಂದ ಕಾಂಪೌಂಡಿನಲ್ಲಿ ನಿಂತಲ್ಲೇ ನಿಂತಿತ್ತು. ಸೀಟಿನ ಮೇಲೆ ಬೆಕ್ಕು ಸಂಸಾರ ಹೂಡಿತ್ತು. ಭಾನುವಾರ ಬೆಳಗ್ಗೆ ಹೆಂಡತಿ ಚೂಡಾಮಣಿ ತೀರ್ಪು ಕೊಟ್ಟರು: “ಸಂಜೆಯೊಳಗೆ ಸ್ಟಾರ್ಟ್ ಆದ್ರೆ ಇರ್ಲಿ. ಇಲ್ದಿದ್ರೆ ನಾಳೆ ಗುಜರಿಗೆ.”

ಮದುವೆಯಾದ ವರ್ಷ ಕೊಂಡ ಸ್ಕೂಟರ್ ಅದು. ಬೆಳಗ್ಗೆ ಅದನ್ನು ಒರೆಸದಿದ್ದರೆ ರಾಮಪ್ರಸಾದರಿಗೆ ಕಾಫಿ ರುಚಿಸುತ್ತಿರಲಿಲ್ಲ. ತಾವೇ ರಿಪೇರಿ ಮಾಡುವುದೆಂದು ನಿಶ್ಚಯಿಸಿ, ನಾಲ್ಕನೇ ಬ್ಲಾಕಿನ ಹಳೇ ಪುಸ್ತಕದಂಗಡಿಗೆ ಹೊರಟರು. ಕರೆಯದಿದ್ದರೂ ಪಕ್ಕದ ಮನೆಯ ಮಾಧವ ಜೊತೆಗೆ ಬಂದರು.

ಆ ಸ್ಕೂಟರಿನ ರಿಪೇರಿ ಪುಸ್ತಕಗಳು ಎರಡು ಸಿಕ್ಕವು. ಒಂದು ತೆಳ್ಳಗಿತ್ತು, ಪುಟಪುಟಕ್ಕೂ ಚಿತ್ರ. ಇನ್ನೊಂದು ಇಟ್ಟಿಗೆಯಷ್ಟು ದಪ್ಪ, ಬರೀ ಅಕ್ಷರ.

“ತೆಳ್ಳಗಿರೋದೇ ಸಾಕು,” ಎಂದರು ರಾಮಪ್ರಸಾದರು.

“ಆಡಿಟರ್ ಆಗಿ ರಿಟೈರ್ ಆದೋರು ನೀವು, ಸಾರ್,” ಮಾಧವ ದನಿ ತಗ್ಗಿಸಿದರು. “ಬೀದೀಲಿ ಕೂತ್ಕೊಂಡು ಚಿತ್ರ ನೋಡ್ತೀರಾ? ಎದುರುಮನೆ ಹಂಸಾ ಮೇಡಂ ಏನಂದ್ಕೋತಾರೆ?”

ದಪ್ಪ ಪುಸ್ತಕ ಮನೆಗೆ ಬಂತು.

ದೋಷ ಕಾರ್ಬುರೇಟರಿನಲ್ಲಿದೆ ಎಂದು ಪುಸ್ತಕ ಹೇಳಿತು. ಮಾಧವ ಪುರಾಣದಂತೆ ರಾಗವಾಗಿ ಓದಿದರು, ರಾಮಪ್ರಸಾದರು ಬಿಚ್ಚಿದರು. ಬಿಚ್ಚಿದ್ದನ್ನೆಲ್ಲ ತೊಳೆದು, ಬಿಚ್ಚಿದ ಕ್ರಮದಲ್ಲೇ ದಿನಪತ್ರಿಕೆಯ ಮೇಲೆ ಸಾಲಾಗಿಟ್ಟು ಊಟಕ್ಕೆ ಹೋದರು. ಹೊರಬಂದಾಗ ನೆಲ ಕನ್ನಡಿಯಂತಿತ್ತು.

“ಇವತ್ತಿನ ಪೇಪರ್ ನಾನಿನ್ನೂ ಓದಿರ್ಲಿಲ್ಲ,” ಎಂದರು ಚೂಡಾಮಣಿ. “ಗಾಬರಿಯಾಗ್ಬೇಡಿ, ಒಂದೂ ಎಸೆದಿಲ್ಲ. ಎಲ್ಲಾ ಚಟ್ನಿಪುಡಿ ಡಬ್ಬಿಗೆ ಹಾಕಿದೀನಿ.”

ರಾಮಪ್ರಸಾದರು ಡಬ್ಬಿ ಅಲ್ಲಾಡಿಸಿದರು. ಗಿಲಕಿಯಂತೆ ಸದ್ದಾಯಿತು. “ಜೋಡಿಸೋದು ಹೇಗೆ ಅಂತ ಓದಿ.”

“‘ಬಿಚ್ಚಿದ ಕ್ರಮವನ್ನೇ ತಿರುವುಮುರುವಾಗಿ ಅನುಸರಿಸಿ’ ಅಂತಿದೆ, ಸಾರ್.”

“ಮುಂದೆ?”

“ಮುಂದೆ ಬ್ರೇಕಿನ ಅಧ್ಯಾಯ.”

ಮಾಧವ ತಲೆ ಕೆರೆದುಕೊಂಡು ಮನೆಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಆ ತೆಳ್ಳನೆಯ ಪುಸ್ತಕವಿತ್ತು.

“ನೀವು ದುಡ್ಡು ಕೊಡ್ತಿದ್ದಾಗ ನಾನೂ ಒಂದು ತೊಗೊಂಡೆ.”

“ನಿಮ್ಮ ಹತ್ರ ಸ್ಕೂಟರ್ರೇ ಇಲ್ವಲ್ರೀ?”

“ಅದಕ್ಕೇ ಸಾರ್ ತೆಳ್ಳಗಿರೋದು.”

ಚಿತ್ರ ನೋಡಿ ನೋಡಿ ಒಂದೊಂದಾಗಿ ಜೋಡಿಸಿದರು. ಬಿಸಿಲಿಳಿಯುವ ಹೊತ್ತಿಗೆ ಡಬ್ಬಿ ಖಾಲಿಯಾಯಿತು. ಸ್ಕೂಟರನ್ನು ಒಂದು ಕಡೆಗೆ ವಾಲಿಸಿ, ನಿಲ್ಲಿಸಿ, ರಾಮಪ್ರಸಾದರು ಕಿಕ್ಕರ್ ಒದ್ದರು. ಅದು ಅಜ್ಜನಂತೆ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಬೀದಿಯೆಲ್ಲ ಕೇಳುವಂತೆ ಗುಡುಗಿತು. ಹಂಸಾ ಗೇಟಿಗೆ ಬಂದು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಚೂಡಾಮಣಿಯವರ ಅಕ್ಕನ ಮಗಳು ತನ್ಮಯಿ ಗಿರಿನಗರದಿಂದ ಬಂದಳು. ಕಾಲೇಜು ಹುಡುಗಿ. ಸ್ಕೂಟರಿನ ಸುತ್ತ ಪ್ರದಕ್ಷಿಣೆ ಹಾಕಿ, “ಚಿಕ್ಕಪ್ಪ, ಸಖತ್ತಾಗಿದೆ. ಇಂಥದ್ದು ನಮ್ಮ ಕಾಲೇಜಲ್ಲಿ ಯಾರ ಹತ್ರಾನೂ ಇಲ್ಲ. ನಂಗೆ ಕೊಡ್ತೀರಾ?” ಎಂದಳು.

ರಾಮಪ್ರಸಾದರು ಬಾಯಿ ತೆರೆಯುವ ಮೊದಲೇ ಚೂಡಾಮಣಿ ಕೀ ಕೊಟ್ಟಾಗಿತ್ತು. “ತೊಗೊಂಡ್ಹೋಗೆ. ಮನೆ ಹುಡುಗಿ ಕೇಳಿದ್ರೆ ಇಲ್ಲ ಅಂತಾರಾ?”

“ಸ್ಟಾರ್ಟ್ ಆದ್ರೆ ಇರ್ಲಿ ಅಂದಿದ್ಯಲ್ಲೇ,” ರಾಮಪ್ರಸಾದರ ದನಿ ಸಣ್ಣಗಾಗಿತ್ತು.

“ಇರುತ್ತಲ್ಲ, ಗಿರಿನಗರದಲ್ಲಿ.”

ಅವರು ನಿಟ್ಟುಸಿರಿಟ್ಟು ದಪ್ಪ ಪುಸ್ತಕವನ್ನೂ ತನ್ಮಯಿಯ ಮುಂದೆ ಹಿಡಿದರು.

“ಅಯ್ಯೋ, ಅದು ನಿಮ್ಮ ಹತ್ರಾನೇ ಇರ್ಲಿ, ಚಿಕ್ಕಪ್ಪ. ಕೆಟ್ಟಾಗ ಫೋನ್ ಮಾಡ್ತೀನಿ, ಬಂದುಬಿಡಿ.”

ಹೊಗೆ ತಿರುವಿನಲ್ಲಿ ಮರೆಯಾಗುವವರೆಗೂ ರಾಮಪ್ರಸಾದರು ನೋಡಿದರು. ಎಂಜಿನ್ ಸದ್ದು ಒಂದು ಕಡೆಯೂ ತಡವರಿಸಲಿಲ್ಲ. ಅವರ ಮುಖದಲ್ಲಿ ಸಣ್ಣ ಹೆಮ್ಮೆ ಮೂಡಿತು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮಾಧವರ ಕಡೆ ತಿರುಗಿದರು.

“ಗಿರಿನಗರಕ್ಕೆ ಇಲ್ಲಿಂದ ಯಾವ ಬಸ್ಸು, ರೀ?”