ಮಾವ ಕೊಟ್ಟ ಸೈಕಲ್ಲು, ಶಾಪಿನವನ ಕೈ

ಸೈಕಲ್ ಶಾಪಿನವನ ಕೈಗೆ ಸಿಕ್ಕಿ ಒಂದು ಸಲ ಪರದಾಡಿದರೆ ಅದನ್ನು ಪ್ರಸಂಗ ಅನ್ನಬಹುದು. ಒಂಬತ್ತು ವರ್ಷ ಪರದಾಡಿದರೆ ಅದು ಸಂಸಾರ. ನನಗೆ ಇಂಥ ಎರಡು ಸಂಸಾರಗಳು ಒಂದೇ ವರ್ಷ ಗಂಟುಬಿದ್ದವು. ಒಂದು ನನ್ನ ಹೆಂಡತಿಯ ಜೊತೆ, ಇನ್ನೊಂದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದಿದ್ದ ಸೈಕಲ್ ಶಾಪಿನವನ ಜೊತೆ.

ಎಂಬತ್ತರ ದಶಕದ ಮಾತು. ನಾನು ರೇಷ್ಮೆ ಇಲಾಖೆಯಲ್ಲಿ ಹಳ್ಳಿ ಸುತ್ತುವ ಕೆಲಸದಲ್ಲಿದ್ದೆ. ದಿಬ್ಬೂರಹಳ್ಳಿ ಕಡೆಯ ಊರುಗಳಿಗೆ ಹೋಗಿ ಹುಳ ನೋಡುವುದು, ಸೊಪ್ಪು ನೋಡುವುದು, ರೈತರು ಕೊಟ್ಟ ಕಾಫಿ ಕುಡಿದು ಸಲಹೆ ಹೇಳುವುದು. ಬಸ್ಸು ದೊಡ್ಡ ರಸ್ತೆ ಬಿಟ್ಟು ಇಳಿಯುತ್ತಿರಲಿಲ್ಲ, ಹುಳ ಸಾಕುವವರು ದೊಡ್ಡ ರಸ್ತೆಯಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಸೈಕಲ್ ಇಲ್ಲದೆ ನನ್ನ ನೌಕರಿ ಒಂದು ದಿನವೂ ನಡೆಯುತ್ತಿರಲಿಲ್ಲ.

೧. ಹೆಸರು ಹಾಕಿದ ಸೈಕಲ್ಲು

ಸೈಕಲ್ಲು ಮಾವ ಕೊಟ್ಟಿದ್ದು. ಅವರಿಗೆ ಗೌರಿಬಿದನೂರಿನಲ್ಲಿ ಪಾತ್ರೆ ಅಂಗಡಿ. ಮದುವೆಗೆ ಕೊಡುವ ಲೋಟ, ತಟ್ಟೆ, ಕೊಳದಪ್ಪಲೆಗಳ ಮೇಲೆ ಕೊಟ್ಟವರ ಹೆಸರು ಕೆತ್ತಿಕೊಡುವುದರಲ್ಲಿ ಎತ್ತಿದ ಕೈ. ಹೆಸರು ಹಾಕದ ಒಂದು ಚಮಚವೂ ತಮ್ಮ ಅಂಗಡಿಯ ಹೊಸಿಲು ದಾಟಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು.

ಅಂಥವರು ಸೈಕಲ್ಲನ್ನು ಹಾಗೇ ಬಿಡುತ್ತಾರೆಯೇ? ಬೆಲ್ಲು, ಹ್ಯಾಂಡಲ್ಲು, ಎರಡು ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು, ಸ್ಟ್ಯಾಂಡು, ಹೀಗೆ ಏಳು ಕಡೆ ಚುಕ್ಕೆ ಚುಕ್ಕೆಯಾಗಿ ಒಂದೇ ಬರಹ ಕೆತ್ತಿಸಿದ್ದರು: “ಅಳಿಯನಿಗೆ ಮಾವನ ಕಾಣಿಕೆ, ಗೌರಿಬಿದನೂರು.”

ಮಗಳನ್ನು ಕಳಿಸುವಾಗ ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಸೈಕಲ್ಲಿನ ಸೀಟು ಸವರಿ ಇನ್ನೊಂದು ಸಲ ತಂದುಕೊಂಡರು.

“ನೋಡಿ ಅಳಿಯಂದ್ರೇ, ಸಾಮಾನು ಕಾಪಾಡ್ಕೊಳ್ಳೋನು ಸಂಸಾರಾನೂ ಕಾಪಾಡ್ಕೊತಾನೆ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತರ್ತೀನಲ್ಲ, ಆವಾಗ ನೋಡ್ತೀನಿ.”

“ಮಗಳನ್ನಾ ಮಾವ?”

“ಅವಳು ಚೆನ್ನಾಗೇ ಇರ್ತಾಳೆ ಬಿಡಿ. ಸೈಕಲ್ಲನ್ನ.”

ಅಂದರೆ ಈ ಏಳು ಸಾಮಾನು ಇರುವ ತನಕ ನಾನು ಒಳ್ಳೆಯ ಅಳಿಯ.

೨. ಗಾಳಿ

ಮದುವೆಯಾಗಿ ಎರಡು ತಿಂಗಳಿಗೆ ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಅನ್ನಿಸಿತು. ಶಾಪಿಗೆ ಹೋದೆ. ಶಾಪಿನವನು ನಡುವಯಸ್ಸಿನ ಮನುಷ್ಯ, ಬಲು ವಿನಯವಂತ. ಆ ವಿನಯವೇ ನನ್ನನ್ನು ಹಾಳು ಮಾಡಿದ್ದು.

“ಬಿಟ್ಟೋಗಿ ಸಾರ್. ಹಿಂಗೋಗಿ ಹಂಗ್ ಬನ್ನಿ.”

ಕಾಫಿ ಕುಡಿದು ಬಂದೆ. ಸೈಕಲ್ಲು ಇರಲಿಲ್ಲ. ಗೋಣಿಚೀಲದ ಮೇಲೆ ಒಂದು ರಾಶಿ ಇತ್ತು. ರಾಶಿಯ ಮೇಲೆ ಮಾವನ ಬೆಲ್ಲು ಕೂತಿತ್ತು.

“ಇದೇನಪ್ಪಾ ಇದು?”

“ಓವರಾಯಿಲ್ ಸಾರ್. ಗಾಡಿ ಒಳ್ಳೇ ಗಾಡಿ, ಪೂರ್ತಿ ಬಿಚ್ಚಿ ಗ್ರೀಸ್ ಹಾಕ್ತೀನಿ.”

“ನಾನು ಕೇಳಿದ್ದು ಗಾಳಿ!”

“ಗಾಳಿಗೆ ಬಂದೋರು ಗಾಳಿ ಹಾಕಿಸ್ಕೊಂಡು ಹೊರಟೋಗ್ತಾರೆ ಸಾರ್. ಬಿಚ್ಚಿಟ್ರೆ ತಿರುಗಾ ಬರ್ತಾರೆ.”

ತನ್ನ ಕಸುಬಿನ ಗುಟ್ಟನ್ನು ಅವನು ಮುಚ್ಚಿಡಲೇ ಇಲ್ಲ, ಪಾಪ. ಮೂರು ದಿನ ತಿರುಗಾ ಬಂದೆ. ಹೋದಾಗಲೆಲ್ಲ “ಅಯಿಪೋಯಿಂದಿ ಸಾರ್” ಅನ್ನುತ್ತಿದ್ದ. ತೆಲುಗಿನಲ್ಲಿ ಹಾಗೆಂದರೆ ಮುಗಿದುಹೋಯಿತು ಎಂದರ್ಥ. ಅವನು ಕನ್ನಡದಲ್ಲಿ ಹೇಳಿದ ಮಾತು ಅಷ್ಟಿಷ್ಟು ನಿಜ ಇರುತ್ತಿತ್ತು, ತೆಲುಗಿಗೆ ತಿರುಗಿದನೆಂದರೆ ಕೆಲಸ ಶುರುವೇ ಆಗಿಲ್ಲ ಎಂದು ತಿಳಿದುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ನಾಲ್ಕನೇ ದಿನ ಸೈಕಲ್ಲು ಜೋಡಿಸಿ ಕೊಟ್ಟ. ಥಳಥಳ ಹೊಳೆಯುತ್ತಿತ್ತು. ಹತ್ತಿ ಕೂತೆ, ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತು.

“ಗಾಳಿ ಎಲ್ಲಯ್ಯಾ?”

“ಪಂಪು ಕೆಟ್ಟೋಗಿದೆ ಸಾರ್. ಅದನ್ನೂ ಬಿಚ್ಚಿಟ್ಟಿದ್ದೀನಿ.”

೩. ತೋಟದ ತಪಾಸಣೆ

ಒಂದು ಸಲ ಬ್ರೇಕು ಸರಿಮಾಡಲು ಕೊಟ್ಟೆ. ವಾಪಸ್ಸು ತಂದಾಗ ಬ್ರೇಕು ಹಾಗೇ ಇತ್ತು, ಬೆಲ್ಲು ಮಾತ್ರ ಬದಲಾಗಿತ್ತು. ಮಾವನ ಬರಹವಿದ್ದ ಬೆಲ್ಲಿನ ಜಾಗದಲ್ಲಿ ತುಕ್ಕು ಹಿಡಿದ ಇನ್ಯಾವುದೋ ಬೆಲ್ಲು.

“ನನ್ನ ಬೆಲ್ಲು?”

“ಅರ್ಜೆಂಟ್ ಗಿರಾಕಿ ಬಂದ್ರು ಸಾರ್. ನಿಮ್ ಗಾಡಿ ಹೆಂಗೂ ನಿಂತಿತ್ತಲ್ಲ, ತೆಗೆದು ಹಾಕ್ದೆ.”

“ನನ್ನದನ್ನು ತೆಗೆದು ಅವರಿಗೆ ಹಾಕೋದಾ?”

“ಎಲ್ಲಾ ನಮ್ಮೂರಲ್ಲೇ ಇದೆ ಸಾರ್, ಎಲ್ಲಿಗೆ ಹೋಗುತ್ತೆ? ವಾರದಲ್ಲಿ ತಂದು ಹಾಕ್ತೀನಿ.”

ಅವನದು ಕಳ್ಳತನವಲ್ಲ. ಆ ಬಗ್ಗೆ ಈಗಲೂ ನನಗೆ ಅನುಮಾನವಿಲ್ಲ. ತನ್ನ ಶಾಪಿಗೆ ಬರುವ ಸೈಕಲ್ಲುಗಳೆಲ್ಲ ಒಂದೇ ಮನೆಯ ಮಕ್ಕಳು, ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡರೆ ತಪ್ಪೇನು ಎಂಬುದು ಅವನ ನಂಬಿಕೆ. ಇಷ್ಟು ಒಳ್ಳೆಯ ಮನಸ್ಸಿನವನ ಮೇಲೆ ಕೂಗಾಡುವುದೂ ಕಷ್ಟ. ಆದರೂ ಕೂಗಾಡಿದೆ. ಅವನು ನನಗೆ ಟೀ ತರಿಸಿದ.

ಆ ಬ್ರೇಕಿನಲ್ಲೇ ಮಾರನೆಯ ದಿನ ಹಳ್ಳಿಗೆ ಹೊರಟೆ. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಅದು ಕೈಗೇ ಬಂತು. ಸೈಕಲ್ಲು ನನ್ನನ್ನು ಹೊತ್ತುಕೊಂಡು ಬದು ಹಾರಿ ಒಬ್ಬ ರೈತರ ಹಿಪ್ಪುನೇರಳೆ ತೋಟದೊಳಗೆ ನುಗ್ಗಿ, ನಾಲ್ಕು ಸಾಲು ದಾಟಿ ಮಲಗಿತು. ಸೊಪ್ಪು ಕೊಯ್ಯುತ್ತಿದ್ದ ಯಜಮಾನರು ಓಡಿ ಬಂದರು. ಮೈಕೈ ತರಚಿತ್ತು, ಮರ್ಯಾದೆ ಅದಕ್ಕಿಂತ ಜಾಸ್ತಿ ತರಚಿತ್ತು. ಬಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಕೂತಲ್ಲಿಂದಲೇ ಒಂದು ಎಲೆ ಕಿತ್ತು ಹಿಂದೆ ಮುಂದೆ ತಿರುಗಿಸಿ, “ಬುಡದಲ್ಲಿ ತೇವ ಸಾಲದು” ಅಂದೆ.

ಮುಂದಿನ ವಾರ ಪಕ್ಕದ ತೋಟದವರು ಮುಖ ಊದಿಸಿಕೊಂಡು ನಿಂತಿದ್ದರು.

“ಏನ್ ಸಾರ್, ಅವರ ತೋಟಕ್ಕಾದ್ರೆ ಸೈಕಲ್ ಸಮೇತ ಒಳಗೆ ನುಗ್ಗಿ ನೋಡ್ತೀರಂತೆ. ನಮ್ಮದನ್ನ ಬದು ಮೇಲೆ ನಿಂತ್ಕೊಂಡೇ ನೋಡಿ ಹೋಗ್ತೀರಾ?”

೪. ಚಿಂತಾಮಣಿಯ ಶಿಷ್ಯ

ವಾರದಲ್ಲಿ ಬರಬೇಕಿದ್ದ ಬೆಲ್ಲು ವರ್ಷವಾದರೂ ಬರಲಿಲ್ಲ. ಅದರ ಹಿಂದೆಯೇ ಕ್ಯಾರಿಯರು ಹೋಯಿತು, ಚೈನ್ ಕವರು ಹೋಯಿತು, ಒಂದೊಂದಾಗಿ ಏಳೂ ಹೋದವು. ಪ್ರತಿಸಲವೂ “ಎಲ್ಲಾ ನಮ್ಮೂರಲ್ಲೇ ಇದೆ ಸಾರ್” ಎಂಬ ಒಂದೇ ಮಾತು. ಊರಿನ ಇನ್ನೊಂದು ಶಾಪಿನವನ ಹತ್ತಿರ ಹೋದರೆ, “ಅವರು ಬಿಚ್ಚಿದ ಗಾಡಿ ನಾನ್ ಮುಟ್ಟಲ್ಲ. ಆಮೇಲೆ ಮಾತು ಬರುತ್ತೆ” ಎಂದು ಕೈ ಮುಗಿದ.

ರೋಸಿಹೋಗಿ ಒಂದು ಭಾನುವಾರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಚಿಂತಾಮಣಿಗೆ ಹೊರಟೆ. ಸೈಕಲ್ಲಿನಲ್ಲಿ ಮನುಷ್ಯ ಹೋಗುವುದು ಲೋಕದ ರೂಢಿ, ಮನುಷ್ಯನ ಜೊತೆ ಸೈಕಲ್ಲೂ ಬಸ್ಸಿನಲ್ಲಿ ಹೋಗುವುದು ನನ್ನ ಹಣೆಬರಹ. ಅಲ್ಲಿನ ಶಾಪಿನವನು ಚುರುಕಾಗಿದ್ದ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೆಡಲ್ ತಿರುಗಿಸಿದ. ಕರಕರ ಶಬ್ದ ಬಂತು. ಅವನ ಮುಖ ಬದಲಾಯಿತು.

“ಸಾರ್, ಇದು ಶಿಡ್ಲಘಟ್ಟದ ಗಾಡಿನಾ?”

“ಹೌದಪ್ಪಾ, ಹೇಗೆ ಗೊತ್ತಾಯಿತು?”

“ಈ ಶಬ್ದ ಬೇರೆ ಯಾರ ಕೈಲೂ ಬರಲ್ಲ ಸಾರ್. ಬಸ್ ಸ್ಟ್ಯಾಂಡ್ ಹಿಂದಿನೋರು ತಾನೆ? ಅವರು ನಮ್ ಗುರುಗಳು. ಅವರ ಹತ್ರಾನೇ ಏಳು ವರ್ಷ ಕೆಲಸ ಕಲ್ತಿದ್ದು.”

ಗುರುಗಳು ಮುಟ್ಟಿದ ಗಾಡಿಯನ್ನು ತಾನು ಬಿಚ್ಚಿದರೆ ಅಪಚಾರವಾಗುತ್ತದೆ ಎಂದು ಒಂದು ತಿರುಪನ್ನೂ ಸಡಿಲಿಸಲಿಲ್ಲ. ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಎದುರಿನ ಅಂಗಡಿಯಿಂದ ಎಲೆ ಅಡಿಕೆ, ಬಾಳೆಹಣ್ಣು ತಂದು, ಗುರುಗಳಿಗೆ ಕೊಡಿ ಎಂದು ನನ್ನ ಕೈಗಿಟ್ಟ.

ಗುರುಗಳು ಹಣ್ಣು ಸುಲಿದು ತಿನ್ನುತ್ತಾ, “ಹುಡುಗ ಬುದ್ಧಿವಂತ ಸಾರ್” ಅಂದರು.

೫. ಸರ್ವೀಸಿಗೆ ಬಿಟ್ಟಿದ್ದೀನಿ

ಇನ್ನು ಗೌರಿ ಹಬ್ಬದ ಸಂಕಟ. ಪ್ರತಿ ವರ್ಷ ಮಾವ ಬಾಗಿನದ ಮೊರ, ನನಗೊಂದು ಜರಿ ಅಂಚಿನ ಪಂಚೆ ಹಿಡಿದುಕೊಂಡು ಜಟಕಾದಲ್ಲಿ ಬಂದಿಳಿಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ, “ಎಲ್ಲಿ ಸೈಕಲ್ಲು?”

“ಸರ್ವೀಸಿಗೆ ಬಿಟ್ಟಿದ್ದೀನಿ ಮಾವ.”

ಅದು ಸುಳ್ಳೂ ಅಲ್ಲ. ವರ್ಷದಲ್ಲಿ ಯಾವ ದಿನ ಕೇಳಿದರೂ ಅದು ಹೆಚ್ಚುಕಮ್ಮಿ ನಿಜವೇ. ಮಾವನ ಮುಖ ಅರಳುತ್ತಿತ್ತು. “ಕೇಳಿದ್ಯೇನಮ್ಮಾ? ಹಬ್ಬ ಬಂದ್ರೆ ಮನೆಗೆ ಸುಣ್ಣ ಬಳೀತೀವಿ. ಇವರು ಸೈಕಲ್ಲಿಗೂ ಸರ್ವೀಸ್ ಮಾಡಿಸ್ತಾರೆ!” ಎಂದು ಮಗಳಿಗೆ ಹೇಳಿ ಪಂಚೆಯನ್ನು ನನ್ನ ಕೈಗಿಡುತ್ತಿದ್ದರು. ಬಾಗಿಲ ಹಿಂದೆ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯುತ್ತಿದ್ದಳು. ಆ ಪಂಚೆ ಉಟ್ಟಾಗಲೆಲ್ಲ ಜರಿ ಮೈಗೆ ಚುಚ್ಚುತ್ತಿತ್ತು.

ಒಂದು ವರ್ಷ ತಡೆಯಲಾರದೆ ಶಾಪಿನವನ ಮುಂದೆ ಕೈ ಮುಗಿದೇಬಿಟ್ಟೆ. “ನೋಡಪ್ಪಾ, ಹಬ್ಬದ ಎರಡು ದಿನಕ್ಕಾದರೂ ಆ ಏಳು ಸಾಮಾನು ತಂದು ಹಾಕು. ಮಾವ ಹೋದ ಮೇಲೆ ಯಾರಿಗೆ ಬೇಕಾದರೂ ಕೊಟ್ಕೋ.”

ಅವನು ನಿಜಕ್ಕೂ ನೊಂದುಕೊಂಡ.

“ಹಬ್ಬದ ಟೈಮಲ್ಲಾ ಸಾರ್? ಎಲ್ಲಾರೂ ನೆಂಟರ ಮನೆಗೆ ಹೊರಟಿರ್ತಾರೆ. ಅವರ ಗಾಡೀಲಿರೋದನ್ನ ಹೆಂಗೆ ಸಾರ್ ಬಿಚ್ಚೋದು? ಪಾಪ ಅಲ್ವಾ?”

೬. ಮಾವ ನಡೆದು ಬಂದದ್ದು

ಒಂಬತ್ತನೆಯ ವರ್ಷ. ಅಷ್ಟು ಹೊತ್ತಿಗೆ ತೊಂಬತ್ತರ ದಶಕ ಶುರುವಾಗಿ, ಊರಲ್ಲಿ ಜಟಕಾಗಳು ಇಲ್ಲವಾಗಿದ್ದವು. ಮಾವ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಬಂದು ಇಳಿದು, ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡೇ ಹೊರಟರಂತೆ. ಹತ್ತು ನಿಮಿಷದ ದಾರಿ. ಅವರು ಮನೆ ಮುಟ್ಟಿದ್ದು ಒಂದೂವರೆ ಗಂಟೆಯ ಮೇಲೆ. ಬಂದವರು ಮೊರವನ್ನು ಮಗಳಿಗೆ ಕೊಟ್ಟು, ಪಂಚೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತರು. ಸೈಕಲ್ಲು ಎಲ್ಲಿ ಎಂದು ಕೇಳಲಿಲ್ಲ.

“ರೇಷ್ಮೆ ಗೂಡಿನ ಮಾರ್ಕೆಟ್ ಹತ್ರ ಒಂದು ಸೈಕಲ್ಲಿನ ಚೈನ್ ಕವರ್ ಮೇಲೆ ನನ್ನ ಬರಹ ಇತ್ತು. ಹೂವಿನೋನ ಕ್ಯಾರಿಯರ್ ಮೇಲೆ ಇತ್ತು. ಅಂಚೆಯೋರ ಮಡ್‌ಗಾರ್ಡ್ ಮೇಲೆ ಇತ್ತು.” ಒಂದು ಲೋಟ ನೀರು ಕುಡಿದರು. “ಟೀ ಅಂಗಡಿಯೋನು ನಂದು ಯಾವೂರು ಅಂತ ಕೇಳಿದ. ಗೌರಿಬಿದನೂರು ಅಂದೆ. ಎದ್ದು ನಿಂತು, ‘ನಮ್ಮೂರಿಗೆ ಎಷ್ಟು ಹೆಣ್ಣು ಕೊಟ್ಟಿದ್ದೀರಾ ಸ್ವಾಮಿ?’ ಅಂದ.”

ಮಾವನಿಗೆ ಇರುವುದು ಒಬ್ಬಳೇ ಮಗಳು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬಾಯಿಗೆ ಬಂದ ಹಾಗೆ ಶಾಪಿನವನನ್ನು ಬೈದೆ. ಮಾವ ಎದ್ದರು. “ನಡೀರಿ, ಅವನನ್ನ ನೋಡೇಬಿಡಣ” ಎಂದು ಪಂಚೆ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಒಂಬತ್ತು ವರ್ಷದ ನನ್ನ ಸಿಟ್ಟಿಗೆ ಇವತ್ತು ಒಬ್ಬ ಹಿರಿಯರು ಸಿಕ್ಕರು ಎಂದು ನಾನೂ ಹಿಗ್ಗಿ ಹಿಂದೆ ನಡೆದೆ.

ಶಾಪಿನವನು ಮಾವನನ್ನು ನೋಡಿ ಕೈ ಒರೆಸಿಕೊಂಡು ಸ್ಟೂಲು ಹಾಕಿದ. ಮಾವ ಕೂರಲಿಲ್ಲ.

“ಏನಯ್ಯಾ, ನಾನು ಕೊಟ್ಟ ಸಾಮಾನನ್ನ ಊರಿಗೆಲ್ಲಾ ಹಂಚಿದ್ದೀಯಲ್ಲ, ಯಾಕೆ?”

“ನೀವೇನಾ ಸಾರ್ ಆ ಮಾವ!” ಅವನ ಕಣ್ಣು ಅರಳಿತು. “ಒಂಬತ್ತು ವರ್ಷದಲ್ಲಿ ಎಷ್ಟೋ ಗಾಡಿಗಳ ಸಾಮಾನು ಬಿಚ್ಚಿ ಹಾಕಿದ್ದೀನಿ ಸಾರ್. ಎಲ್ಲಾ ಲಡಾಸು. ನಿಮ್ದೊಂದೇ ಇವತ್ತಿಗೂ ಒಂದು ಚೂರು ತುಕ್ಕಿಲ್ಲ. ಅದಕ್ಕೇ ಬೇಕಾದೋರಿಗೆ ಅಂತ ತೆಗೆದು ಹಾಕ್ದೆ.”

ಮಾವ ಸ್ಟೂಲಿನ ಮೇಲೆ ಕೂತರು. ಟೀ ಬಂತು. ಸಿಟ್ಟು ಇಳಿಯುವುದನ್ನು ನಾನು ನನ್ನ ಕಣ್ಣಾರೆ ನೋಡಿದೆ.

ಅಷ್ಟರಲ್ಲಿ ನಮ್ಮ ಬೀದಿಗೆ ಹಾಲು ಹಾಕುವವನು ಗಾಳಿ ಹೊಡೆಸಲು ಬಂದ. ಹೊಸಬ, ಯಾರದೋ ಹಳೆಯ ಸೈಕಲ್ಲು ಕೊಂಡು ತಿಂಗಳಾಗಿತ್ತಷ್ಟೆ, ಗಾಳಿ ಸಿಗುತ್ತದೆ ಎಂದು ನಂಬಿದ್ದ. ಅವನ ಹ್ಯಾಂಡಲ್ ಮೇಲೆ ಮಾವನ ಬೆಲ್ಲು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾವ ಎದ್ದು ಹೋಗಿ ಸವರಿದರು.

“ಇದನ್ನ ಹಿಂಗೆ ಇಟ್ಕೊಂಡಿದ್ದೀಯಲ್ಲಪ್ಪಾ!”

“ದಿನಾ ಬೂದಿ ಹಾಕಿ ಉಜ್ತೀನಿ ಸ್ವಾಮಿ. ಯಾರೋ ದೊಡ್ಡೋರು ಆಸೆಯಿಂದ ಕೆತ್ಸಿದ್ದಾರೆ, ಹಾಳು ಮಾಡಬಾರ್ದಲ್ಲ.”

ಮಾವ ಅವನನ್ನು ನೋಡಿದರು. ತಿರುಗಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಆಮೇಲೆ ಕಂಕುಳಲ್ಲಿದ್ದ ಪಂಚೆ ತೆಗೆದು, ಎರಡು ಕೈಯಲ್ಲಿ ಹಿಡಿದು, ಹಾಲಿನವನಿಗೆ ಕೊಟ್ಟುಬಿಟ್ಟರು. ಶಾಪಿನವನು ಸಂತೋಷದಿಂದ ಚಪ್ಪಾಳೆ ತಟ್ಟಿದ.

ಮಾರನೆಯ ದಿನ ಹಬ್ಬ. ಬೆಳಿಗ್ಗೆ ಹಳೆಯ ಪಂಚೆ ಉಟ್ಟು ಜಗಲಿಯಲ್ಲಿ ಮುಖ ದಪ್ಪ ಮಾಡಿಕೊಂಡು ಕೂತಿದ್ದೆ. ಬೀದಿಯ ತಿರುವಿನಲ್ಲಿ ಟ್ರಿಣ್ ಟ್ರಿಣ್ ಎಂದು ಬೆಲ್ಲು ಕೇಳಿಸಿತು. ಒಳಗಿನಿಂದ ಹೆಂಡತಿ ಕೂಗಿದಳು:

“ರೀ, ಪಾತ್ರೆ ತಗೊಂಡ್ ಹೋಗಿ, ನಮ್ಮಪ್ಪನ ಅಳಿಯಂದ್ರು ಬಂದ್ರು!”