ಸ್ಮಿತ್ ವಂಶಸ್ಥರು

ನೈರೋಬಿಯ ಲಂಗಾಟಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರಿಗೆ ಇಂಗ್ಲೆಂಡಿನ ತುಂಬ ನೆಂಟರಿದ್ದಾರೆ. ಅವರಲ್ಲಿ ಒಬ್ಬರ ಮುಖವನ್ನೂ ಇವರು ನೋಡಿಲ್ಲ, ಅದು ಬೇರೆ ಮಾತು!

ಹಾವೇರಿ ಕಡೆಯವರು, ಇಲ್ಲಿನ ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಅಡ್ಡಹೆಸರು ಕಮ್ಮಾರ. ಸ್ಮಿತ್ ಎಂದರೂ ಕಮ್ಮಾರನೇ ತಾನೆ? ಹಾಗಾಗಿ ಭೂಮಿಯ ಮೇಲಿನ ಸ್ಮಿತ್‌ಗಳೆಲ್ಲ ಇವರ ಅಣ್ಣತಮ್ಮಂದಿರು. ಅರ್ಥಶಾಸ್ತ್ರ ಬರೆದ ಸ್ಮಿತ್ "ನಮ್ಮ ಹಿರೇರು". ಸಿನಿಮಾದ ಸ್ಮಿತ್ "ನಮ್ಮ ಪೈಕಿ". ಟಿವಿಯಲ್ಲಿ ಆಸ್ಟ್ರೇಲಿಯಾದ ಸ್ಮಿತ್ ಔಟಾದರೆ "ಪಾಪ, ನಮ್ಮ ಹುಡುಗ" ಎಂದು ಲೊಚಗುಟ್ಟುತ್ತಾರೆ. ಆಡುತ್ತಿರುವುದು ಭಾರತದ ವಿರುದ್ಧ ಸ್ವಾಮಿ!

ಮೊದಲ ಭೇಟಿಯಲ್ಲೇ ಅವರು ನನ್ನನ್ನು "ನಿಮ್ಮ ಅಡ್ಡಹೆಸರೇನ್ರಿ?" ಎಂದು ಕೇಳಿದ್ದರು. ಎರಡು ಇನಿಷಿಯಲ್ ಬಿಟ್ಟರೆ ಬೇರೇನೂ ಇಲ್ಲದ ಬೆಂಗಳೂರಿನವನಿಗೆ ಅಡ್ಡಹೆಸರೆಂದರೆ ಮನೆಯವರು ರೇಗಿಸಲು ಇಟ್ಟ ಹೆಸರು. ಇಷ್ಟು ಬೇಗ ಇಷ್ಟು ಸಲಿಗೆಯೇ ಎನಿಸಿದರೂ ನಾಚಿಕೊಂಡೇ "ಗುಂಡ" ಎಂದೆ. ಅವರು ನಗಲಿಲ್ಲ. ಕಣ್ಣು ಮುಚ್ಚಿ ಯೋಚಿಸಿ, "ಗುಂಡಂದ್ರ ಕಲ್ಲು. ಸ್ಟೋನ್ ಅಂತ ಭಾಳ ಮಂದಿ ಅದಾರ್ರಿ, ಛಲೋ ಮನೆತನ" ಎಂದರು. ಆವತ್ತಿನಿಂದ ನಾನು ಮಿಸ್ಟರ್ ಸ್ಟೋನ್.

ಒಮ್ಮೆ ಕಾರ್ಖಾನೆಯ ತಪಾಸಣೆಗೆ ಲಂಡನ್ನಿನಿಂದ ನಿಜವಾದ ಸ್ಮಿತ್ ಒಬ್ಬ ಬಂದ. ಇವರು ಕೈ ಕುಲುಕಿ, ನಿಮ್ಮ ಕುಲುಮೆ ಯಾವ ಊರಲ್ಲಿತ್ತು ಎಂದು ವಿಚಾರಿಸಿದರಂತೆ. ಆತ ಗಾಬರಿಯಾಗಿ, ತನ್ನ ತಂದೆ ಹಲ್ಲಿನ ಡಾಕ್ಟರು ಎಂದನಂತೆ. "ನೋಡ್ರಿ, ಇಕ್ಕಳ ಬಿಟ್ಟಿಲ್ಲ" ಎಂದು ಇವರು ನನಗೆ ವರದಿ ಒಪ್ಪಿಸಿದರು.

ಈ ಹುಚ್ಚು ತಿರುಗಿ ಬಡಿದದ್ದು ಮಗಳ ಕಡೆಯಿಂದ. ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಕಮಾರಿ ಎಂದರೆ ಜೂಜು. ಶಾಲೆಯ ಮಕ್ಕಳು ಅವಳನ್ನು 'ಕಮಾರಿ, ಕಮಾರಿ' ಎಂದು ಗೋಳು ಹೊಯ್ದುಕೊಳ್ಳುತ್ತಿದ್ದರು. ಮೊನ್ನೆ ಭಾನುವಾರ ನಾನು ಅವರ ಮನೆಗೆ ಕಾಫಿಗೆ ಹೋಗಿದ್ದಾಗ ಅವಳು ಅತ್ತ ಕಣ್ಣಿನಲ್ಲೇ ಬಂದು ನಿಂತಳು. ದೊಡ್ಡ ಪರೀಕ್ಷೆಗೆ ಶಾಲೆಯಿಂದ ಹೆಸರು ಕಳಿಸುತ್ತಾರಂತೆ. ಒಮ್ಮೆ ಹೋದರೆ ಅದೇ ಕಾಯಂ. "ಡ್ಯಾಡ್, ಎರಡೂ ಸೇಮ್ ಅಂತ ನೀನ ಹೇಳ್ತಿ. ದೆನ್ ಮೇಕ್ ಮಿ ಸ್ಮಿತ್."

ನನಗೆ ನಗು ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಇಷ್ಟು ವರ್ಷ ತಾವೇ ಸಾಧಿಸಿದ ವಾದ, ಈಗ ಇಲ್ಲ ಎನ್ನುವುದು ಹೇಗೆ?

"ಸ್ಮಿತ್ ಅಂದ್ರ ಕಮ್ಮಾರ, ಖರೆ" ಎಂದರು ಕಾಫಿ ಲೋಟ ಕೆಳಗಿಟ್ಟು. "ಆದ್ರ ನೋಡವ್ವಾ, ಕಮ್ಮಾರ ಅಂದ್ರ ನಿಮ್ಮಜ್ಜ."

ಆಮೇಲೆ ತಮ್ಮ ಅಪ್ಪನ ಬಗ್ಗೆ ಹೇಳತೊಡಗಿದರು. ಜಗತ್ತಿನ ಕಮ್ಮಾರರ ಕಥೆಯನ್ನೆಲ್ಲ ಹೇಳಿದ ಮನುಷ್ಯ ಈ ಒಬ್ಬರ ಸುದ್ದಿ ಎಂದೂ ಎತ್ತಿರಲಿಲ್ಲ. ಕಿಡಿ ಸಿಡಿದು ಮುಂಗೈ ತುಂಬ ಕಲೆಗಳಿದ್ದವಂತೆ. ಓದಲು ಬಾರದಿದ್ದರೂ ಆ ಕೈಯಿಂದಲೇ ಮಗನ ಸ್ಲೇಟು ಒರೆಸಿ ಕೊಡುತ್ತಿದ್ದರಂತೆ. ಮಗ ಸುತ್ತಿಗೆ ಮುಟ್ಟಿದರೆ ಗದರಿ ಶಾಲೆಗೆ ಅಟ್ಟುತ್ತಿದ್ದರಂತೆ. ಹೇಳುತ್ತ ಹೇಳುತ್ತ ಕಲೆಯಿಲ್ಲದ ತಮ್ಮ ಮುಂಗೈ ಸವರಿಕೊಂಡರು.

ಹುಡುಗಿ ಅಪ್ಪನ ಪಕ್ಕದಲ್ಲಿ ಕುಳಿತು ಅವರ ತೋಳಿಗೆ ಒರಗಿದಳು.

"ಸ್ಕೂಲಲ್ಲಿ ನಮ್ಮ ಹೆಸರಿಗೆ ಒಂದೇ ಎಂ ಹಾಕ್ತಾರ" ಎಂದಳು. "ನಾಳೆ ಬಂದು ಹೇಳು ಡ್ಯಾಡ್. ಕಮ್ಮಾರ್. ಟೂ ಎಮ್ಸ್."